ಅಜ್ಜಿ, ಮೊಮ್ಮಕ್ಕಳ ಜೊತೆ ಕುದುರೆಮುಖಕ್ಕೆ: ಮೂರು ರಾತ್ರಿಯ ಪ್ರವಾಸಕ್ಕೆ ತಯಾರಿ ಹೇಗೆ?

ಕುದುರೆಮುಖ ಅಂದ ಕೂಡಲೇ ಎಲ್ಲರ ಕಣ್ಣ ಮುಂದೆ ಬರುವುದು ಶಿಖರ. ನಮಗೂ ಹಾಗೇ ಆಗಿತ್ತು. ಮೊದಲ ಸಲ ಹೋದಾಗ ಶಿಖರ ಹತ್ತುವುದೊಂದನ್ನೇ ತಲೆಯಲ್ಲಿಟ್ಟುಕೊಂಡು ಹೊರಟೆವು. 68 ವರ್ಷದ ಅತ್ತೆ ಎರಡು ದಿನವೂ ಹೋಮ್‌ಸ್ಟೇ ಜಗಲಿಯಲ್ಲೇ ಕೂತರು. ಆರು ವರ್ಷದ ಮಗ ಅರ್ಧ ದಾರಿಯಲ್ಲಿ ಕೂತು ಅತ್ತ. ನಾನು ಅವನ ಜೊತೆ ವಾಪಸ್ ಬಂದೆ. ಮನೆಯವರು ಮತ್ತು ದೊಡ್ಡ ಮಗಳು ಸಂಜೆ ಸುಸ್ತಾಗಿ ಇಳಿದು ಬಂದರು. ಐದು ಜನ ಮೂರು ಕಡೆ ಇದ್ದೆವು. ಒಟ್ಟಿಗೆ ನೋಡಿದ್ದು ಏನೂ ಇರಲಿಲ್ಲ.

ಆಮೇಲೆ ಎರಡು ಸಲ ಹೋಗಿ ಬಂದಿದ್ದೇವೆ. ಆಗ ತಿಳಿದದ್ದು ಇಷ್ಟು: ಮನೆಮಂದಿಯೆಲ್ಲ ಸೇರಿ ಹೋಗುವಾಗ ಈ ಉದ್ಯಾನವನ್ನು ನದಿಯ ಲೆಕ್ಕದಲ್ಲಿ ನೋಡಬೇಕು. ಇಲ್ಲಿನ ನದಿ, ತೊರೆ, ಕಾಡಿನ ರಸ್ತೆ ಅಜ್ಜಿಗೂ ಸಿಗುತ್ತವೆ, ಮಗುವಿಗೂ ಸಿಗುತ್ತವೆ. ಶಿಖರ ಬೇಕಾದವರಿಗೆ ಅದಕ್ಕೇ ಒಂದು ದಿನ ಬಿಡಿ. ಕೆಳಗಿನ ಯೋಜನೆಯನ್ನು ಈ ಲೆಕ್ಕದಲ್ಲೇ ಬರೆದಿದ್ದೇನೆ.

ಮೊದಲು ಈ ಜಾಗ ಎಂಥದ್ದು ತಿಳಿಯಿರಿ

ಕುದುರೆಮುಖ ರಾಷ್ಟ್ರೀಯ ಉದ್ಯಾನ ಸುಮಾರು 600 ಚದರ ಕಿಲೋಮೀಟರ್ ಹರಡಿದೆ. ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ, ಈ ಮೂರೂ ಜಿಲ್ಲೆಗಳಿಗೆ ಸೇರಿದ ಕಾಡು. 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅದಕ್ಕೆ ದೊಡ್ಡ ಕಾರಣ ಸಿಂಗಳೀಕ ಎಂಬ ಅಪರೂಪದ ಮಂಗ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1980ರ ದಶಕದಲ್ಲಿ ಇಲ್ಲಿನ ಸಿಂಗಳೀಕಗಳ ಸಮೀಕ್ಷೆ ಮಾಡಿ, ಈ ಕಾಡನ್ನು ಉಳಿಸಲೇಬೇಕು ಎಂದು ತೋರಿಸಿಕೊಟ್ಟರು.

ಇನ್ನೊಂದು ಕಥೆಯನ್ನೂ ಹೊರಡುವ ಮೊದಲೇ ಮಕ್ಕಳಿಗೆ ಹೇಳಿ. ಇದೇ ಬೆಟ್ಟದಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿಯ ದೊಡ್ಡ ಗಣಿ ಇತ್ತು. ಅದಿರನ್ನು ಪುಡಿ ಮಾಡಿ, ನೀರಿನಲ್ಲಿ ಬೆರೆಸಿ, 67 ಕಿಲೋಮೀಟರ್ ಉದ್ದದ ಪೈಪಿನಲ್ಲಿ ಮಂಗಳೂರಿನ ಬಂದರಿಗೆ ಕಳಿಸುತ್ತಿದ್ದರು. ಉಳಿದ ಹೂಳು ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿಕೊಳ್ಳುತ್ತಿತ್ತು. ಕಾಡಿಗೂ ಭದ್ರಾ ನದಿಗೂ ಆಗುತ್ತಿದ್ದ ಹಾನಿಯ ವಿರುದ್ಧ ಜನ ಹೋರಾಡಿದರು. ಸುಪ್ರೀಂ ಕೋರ್ಟಿನ ಆದೇಶದಿಂದ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಗಣಿ ಕೆಲಸಗಾರರಿದ್ದ ಟೌನ್‌ಶಿಪ್ ಈಗ ಮೊದಲಿನಂತಿಲ್ಲ. ಸಾಲು ಸಾಲು ಮನೆಗಳನ್ನು ನೋಡಿ ನನ್ನ ಮಗಳು, "ಇಲ್ಲಿದ್ದವರೆಲ್ಲ ಎಲ್ಲಿಗೆ ಹೋದರು ಅಮ್ಮ?" ಅಂತ ಕೇಳಿದಳು. ಕಥೆ ಗೊತ್ತಿದ್ದರೆ ಆ ರಸ್ತೆ ಸುಮ್ನೆ ಕಳೆದುಹೋಗುವುದಿಲ್ಲ.

ಯಾವ ತಿಂಗಳು ಹೋಗಬೇಕು

ಅಕ್ಟೋಬರ್ ನಡುವಿನಿಂದ ಜನವರಿವರೆಗೆ. ಹಿರಿಯರು, ಮಕ್ಕಳು ಇದ್ದರೆ ನಾನು ಬೇರೆ ತಿಂಗಳು ಹೇಳುವುದಿಲ್ಲ. ಮಳೆ ಹಿಂದೆ ಸರಿದಿರುತ್ತದೆ, ಹುಲ್ಲು ಇನ್ನೂ ಹಸಿರಾಗಿರುತ್ತದೆ, ತೊರೆಗಳಲ್ಲಿ ನೀರಿರುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಸುರಿಯುವುದು ಊರಿನ ಮಳೆಯಲ್ಲ. ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಬೀಳುವ ಜಾಗ ಇದು. ಚೆಂದ ನಿಜ, ಆದರೆ ಮಂಜಿನಲ್ಲಿ ಹತ್ತಡಿ ಆಚೆ ಕಾಣುವುದಿಲ್ಲ. ಮರ ಬೀಳುತ್ತದೆ, ಕರೆಂಟು ಎರಡು ಮೂರು ದಿನ ಬರದೇ ಇರಬಹುದು. ಕಳಸದಿಂದ ಹೊರನಾಡಿಗೆ ಹೋಗುವ ದಾರಿಯ ಹೆಬ್ಬಾಳೆ ಸೇತುವೆ ಜೋರು ಮಳೆಗೆ ಮುಳುಗಿದ ಸುದ್ದಿಯನ್ನು ನೀವೂ ಓದಿರುತ್ತೀರಿ. ಫೆಬ್ರವರಿಯಿಂದ ಮೇವರೆಗೆ ಹುಲ್ಲು ಒಣಗುತ್ತದೆ. ಕಾಡ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆ ಚಾರಣ ನಿಲ್ಲಿಸುವ ಕಾಲ ಅದು. ಬೇಸಿಗೆ ರಜೆಯಲ್ಲಿ ಹೊರಡುವವರು ಇದನ್ನು ನೆನಪಿಡಿ.

ಅಕ್ಟೋಬರ್‌ನಲ್ಲಿ ದಸರಾ ರಜೆ ಇರುತ್ತದೆ, ಆದರೆ ಆಗ ಎಲ್ಲರೂ ಅಲ್ಲೇ ಇರುತ್ತಾರೆ. ಸಾಧ್ಯವಾದರೆ ಸೋಮವಾರದಿಂದ ಗುರುವಾರದ ಒಳಗೆ ಹೋಗಿ ಬನ್ನಿ. ವಾರದ ದಿನಕ್ಕೂ ಶನಿವಾರಕ್ಕೂ ಇಲ್ಲಿ ಅಜಗಜಾಂತರ.

ಎಲ್ಲಿ ಉಳಿಯಬೇಕು

ಒಂದೇ ಕಡೆ ಮೂರು ರಾತ್ರಿ ಉಳಿಯಿರಿ. ದಿನಕ್ಕೊಂದು ಊರು ಬದಲಾಯಿಸಿದರೆ ಬ್ಯಾಗ್ ಕಟ್ಟುವುದರಲ್ಲೇ ಬೆಳಗ್ಗೆ ಕಳೆಯುತ್ತದೆ. ಹಿರಿಯರಿಗಂತೂ ಹೊಸ ಬಚ್ಚಲುಮನೆ, ಹೊಸ ಹಾಸಿಗೆ ಅಂದರೆ ನಿದ್ದೆಯೇ ಬರುವುದಿಲ್ಲ.

ನನ್ನ ಆಯ್ಕೆ ಕಳಸ ಅಥವಾ ಪಕ್ಕದ ಸಂಸೆ. ಕಳಸದಲ್ಲಿ ಔಷಧಿ ಅಂಗಡಿ, ಸರ್ಕಾರಿ ಆಸ್ಪತ್ರೆ, ಪೆಟ್ರೋಲ್ ಬಂಕ್, ಬಸ್ಸು ಎಲ್ಲ ಇದೆ. ಸುತ್ತ ಕಾಫಿ, ಅಡಿಕೆ ತೋಟದ ಹೋಮ್‌ಸ್ಟೇಗಳಿವೆ. ಉದ್ಯಾನದ ಒಳಗೇ ಉಳಿಯುವ ಆಸೆಯಿದ್ದರೆ ಭದ್ರಾ ನದಿ ಪಕ್ಕ ಸರ್ಕಾರಿ ಭಗವತಿ ನೇಚರ್ ಕ್ಯಾಂಪ್ ಇದೆ. ಅಲ್ಲಿನ ರಾತ್ರಿಯ ಸದ್ದೇ ಬೇರೆ. ಆದರೆ ಆಸ್ಪತ್ರೆ ದೂರ. ಹಾಗಾಗಿ ಉಸಿರಾಟದ ತೊಂದರೆ, ಹೃದಯದ ತೊಂದರೆ ಇರುವವರು ಜೊತೆಗಿದ್ದರೆ ಕಳಸವೇ ಮೇಲು.

ಹೋಮ್‌ಸ್ಟೇ ಬುಕ್ ಮಾಡುವಾಗ ಫೋಟೋ ನೋಡಿ ದುಡ್ಡು ಕಳಿಸಬೇಡಿ, ಫೋನ್ ಮಾಡಿ ಮಾತಾಡಿ. ನಮಗೆ ಒಂದು ಕಡೆ "ಕಾರು ಮನೆ ಬಾಗಿಲವರೆಗೂ ಬರುತ್ತೆ" ಅಂದಿದ್ದರು. ರಾತ್ರಿ ಎಂಟಕ್ಕೆ ಹೋಗಿ ನೋಡಿದರೆ ಕೊನೆಯ ಮೂರು ಕಿಲೋಮೀಟರ್ ಜೀಪ್ ಮಾತ್ರ ಹೋಗುವ ಕೊರಕಲು ದಾರಿ. ಮಳೆಯಲ್ಲಿ ಅತ್ತೆಯವರನ್ನು ಜೀಪಿನ ಹಿಂದೆ ಹತ್ತಿಸಿದ್ದು ಇವತ್ತಿಗೂ ಮರೆತಿಲ್ಲ. ಅದಾದ ಮೇಲೆ ನಾನು ತಪ್ಪದೇ ಕೇಳುವ ಪ್ರಶ್ನೆಗಳು ಇವು:

ನಮ್ಮ ಚಿಕ್ಕ ಕಾರು ಮನೆವರೆಗೂ ಬರುತ್ತದಾ, ಇಲ್ಲವಾದರೆ ಜೀಪಿಗೆ ಎಷ್ಟು? ರೂಮಿಗೆ ಎಷ್ಟು ಮೆಟ್ಟಿಲು ಹತ್ತಬೇಕು? ಕಮೋಡ್ ಇದೆಯಾ? ಕರೆಂಟು ಹೋದರೆ ಇನ್ವರ್ಟರ್ ಇದೆಯಾ? ಯಾವ ಸಿಮ್‌ಗೆ ಸಿಗ್ನಲ್ ಸಿಗುತ್ತದೆ? ಮಕ್ಕಳಿಗೆ ಖಾರ ಇಲ್ಲದ ಅಡುಗೆ ಮಾಡಿಕೊಡುತ್ತಾರಾ? ರಾತ್ರಿ ಜೋರಾಗಿ ಹಾಡು ಹಾಕುವ ಗುಂಪುಗಳನ್ನು ಇಟ್ಟುಕೊಳ್ಳುತ್ತಾರಾ? ಈ ಕೊನೆಯ ಪ್ರಶ್ನೆ ಕೇಳಲು ಸಂಕೋಚ ಬೇಡ. ಒಳ್ಳೆಯ ಮನೆಯವರು ನೇರವಾಗಿ ಉತ್ತರ ಕೊಡುತ್ತಾರೆ.

ಅನುಮತಿ: ಎರಡು ಬೇರೆ ಬೇರೆ ವಿಷಯ

ಇಲ್ಲಿ ಹೊಸಬರಿಗೆ ಗೊಂದಲ ಜಾಸ್ತಿ. ಉದ್ಯಾನದ ಮಧ್ಯೆ ಹೋಗುವ ರಸ್ತೆಯಲ್ಲಿ ಕಾರಿನಲ್ಲಿ ಸಾಗಲು ಮುಂಚಿತ ಬುಕಿಂಗ್ ಬೇಡ. ಅರಣ್ಯ ಇಲಾಖೆಯ ಚೆಕ್‌ಪೋಸ್ಟಿನಲ್ಲಿ ಗಾಡಿ ನಂಬರು, ಒಳಗೆ ಬಿಟ್ಟ ಸಮಯ ಬರೆದ ಚೀಟಿ ಕೊಡುತ್ತಾರೆ. ಆಚೆ ಗೇಟಿನಲ್ಲಿ ಅದನ್ನು ತೋರಿಸಬೇಕು. ಕೊಟ್ಟ ಸಮಯ ಮೀರಿದರೆ ದಂಡ ಬೀಳುತ್ತದೆ. ದಾರಿಯಲ್ಲಿ ಎಲ್ಲೆಂದರಲ್ಲಿ ಗಾಡಿ ನಿಲ್ಲಿಸಿ ಊಟ ಬಿಚ್ಚುವಂತಿಲ್ಲ. ಆ ಚೀಟಿಯನ್ನು ಮಗುವಿನ ಕೈಗೆ ಕೊಟ್ಟು, "ಇದು ನಿನ್ನ ಜವಾಬ್ದಾರಿ" ಅಂತ ಹೇಳಿ ನೋಡಿ. ನಮ್ಮ ಮಗ ದಾರಿಯುದ್ದಕ್ಕೂ ಗಡಿಯಾರ ನೋಡುತ್ತಾ ಕೂತಿದ್ದ.

ಚಾರಣದ ವಿಷಯವೇ ಬೇರೆ. ಕುದುರೆಮುಖ ಶಿಖರ, ಕುರಿಂಜಾಲು, ನೇತ್ರಾವತಿ ಶಿಖರ ಇಂಥವಕ್ಕೆ ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಮೊದಲೇ ಬುಕ್ ಮಾಡಬೇಕು. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇದೆ. ವಾರಾಂತ್ಯದ್ದು ಬೇಗ ತುಂಬಿಹೋಗುತ್ತದೆ. ಹಾಗಾಗಿ ಮೊದಲು ಚಾರಣದ ದಿನ ಖಚಿತ ಮಾಡಿಕೊಂಡು, ಆಮೇಲೆ ರೂಮು, ಆಮೇಲೆ ಆಫೀಸಿನ ರಜೆ. ನಾವು ಮೊದಲ ಸಲ ಇದನ್ನು ತಿರುಗಾಮುರುಗಾ ಮಾಡಿ ಒದ್ದಾಡಿದ್ದೆವು. ಬುಕ್ ಮಾಡುವಾಗ ಕೊಟ್ಟ ಗುರುತಿನ ಚೀಟಿಯನ್ನೇ ಜೊತೆಗೆ ಒಯ್ಯಿರಿ, ಟಿಕೆಟ್‌ನ ಪ್ರಿಂಟ್ ಇಟ್ಟುಕೊಳ್ಳಿ. ಬೆಟ್ಟದ ಬುಡದಲ್ಲಿ ಮೊಬೈಲ್ ತೆರೆಯುತ್ತದೆ ಅನ್ನುವ ಭರವಸೆ ಬೇಡ.

ತುಂಗಾ, ಭದ್ರಾ ನದಿಗಳು ಹುಟ್ಟುವ ಗಂಗಾಮೂಲಕ್ಕೆ ಇಲಾಖೆಯ ಅನುಮತಿ ಇಲ್ಲದೆ ಹೋಗುವಂತಿಲ್ಲ. ಬೆಟ್ಟದ ಮೇಲೆ ಟೆಂಟ್ ಹಾಕಿ ರಾತ್ರಿ ಕಳೆಯುವಂತೆಯೂ ಇಲ್ಲ. ಯಾರಾದರೂ "ನಾವು ಗುಟ್ಟಾಗಿ ಕರೆದುಕೊಂಡು ಹೋಗುತ್ತೇವೆ" ಅಂದರೆ ದಯವಿಟ್ಟು ಒಪ್ಪಬೇಡಿ. ಮಕ್ಕಳ ಮುಂದೆ ಕಾಡಿನ ನಿಯಮ ಮುರಿದರೆ ಅವರು ಕಲಿಯುವುದೂ ಅದನ್ನೇ, ಅಲ್ವಾ?

ಹೋಗುವ ದಾರಿ

ಬೆಂಗಳೂರಿನಿಂದ ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಕಳಸ. ಸುಮಾರು 320 ಕಿಲೋಮೀಟರ್. ಮಕ್ಕಳಿದ್ದರೆ ನಿಲ್ಲಿಸುತ್ತಾ ಹೋಗಲು ಎಂಟು ತಾಸು ಇಟ್ಟುಕೊಳ್ಳಿ. ಬೆಳಗ್ಗೆ ಐದಕ್ಕೆ ಬಿಟ್ಟರೆ ಕತ್ತಲಾಗುವ ಮೊದಲು ಆರಾಮವಾಗಿ ತಲುಪುತ್ತೀರಿ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನದೆ ಮುಂದೆ ಹೋಗಬೇಡಿ. ಆದರೆ ಹೊಟ್ಟೆ ಬಿರಿಯುವಷ್ಟು ಬೇಡ. ಅಲ್ಲಿಂದ ಮುಂದೆ ಬರೀ ತಿರುವು. ವಾಂತಿ ಬರುವ ಮಕ್ಕಳನ್ನು ಕಿಟಕಿ ಪಕ್ಕ ಕೂರಿಸಿ, ಮೊಬೈಲ್ ಕೊಡಬೇಡಿ, ಕೈಗೊಂದು ನಿಂಬೆಹಣ್ಣು ಕೊಡಿ. ಮಾತ್ರೆ ಕೊಡುವುದಿದ್ದರೆ ಮಕ್ಕಳ ಡಾಕ್ಟರನ್ನು ಕೇಳಿ ಮೊದಲೇ ತಂದಿಟ್ಟುಕೊಳ್ಳಿ.

ಕರಾವಳಿ ಕಡೆಯವರಿಗೆ ಕಾರ್ಕಳ, ಬಜಗೋಳಿ, ಮಾಳ ಮೂಲಕ ಘಾಟಿ ಹತ್ತುವ ದಾರಿ. ಮೇಲೆ ಎಸ್.ಕೆ. ಬಾರ್ಡರ್ ಅನ್ನುವ ಜಾಗ ಸಿಗುತ್ತದೆ. ಹಳೆಯ ಸೌತ್ ಕೆನರಾ ಜಿಲ್ಲೆಯ ಗಡಿ ಅಂತ ಆ ಹೆಸರು. ಅಲ್ಲಿಂದ ಒಂದು ದಾರಿ ಶೃಂಗೇರಿಗೆ, ಇನ್ನೊಂದು ಕುದುರೆಮುಖ, ಕಳಸಕ್ಕೆ. ಯಾವ ಕಡೆಯಿಂದ ಬಂದರೂ ಕತ್ತಲಾದ ಮೇಲೆ ಕಾಡಿನ ರಸ್ತೆಯಲ್ಲಿ ಓಡಾಟ ಇಟ್ಟುಕೊಳ್ಳಬೇಡಿ. ತಿರುವಿನಲ್ಲಿ ಕಾಟಿ (ಕಾಡುಕೋಣ) ನಿಂತಿದ್ದರೆ ಹೆಡ್‌ಲೈಟಿಗೆ ಕಪ್ಪು ಬಂಡೆಯ ಹಾಗೆ ಕಾಣುತ್ತದೆ.

ಸ್ವಂತ ಗಾಡಿ ಇಲ್ಲದವರಿಗೆ ಬೆಂಗಳೂರಿನಿಂದ ಹೊರನಾಡಿಗೆ ರಾತ್ರಿ ಬಸ್ಸುಗಳಿವೆ. ಕಳಸದಲ್ಲಿ ಇಳಿದು ಬಾಡಿಗೆ ಜೀಪು ಮಾಡಿಕೊಳ್ಳಬಹುದು.

ದಿನಕ್ಕೆ ಒಂದೇ ದೊಡ್ಡ ಕೆಲಸ

ಮೊದಲ ದಿನ ಪ್ರಯಾಣ ಮಾತ್ರ. ತಲುಪಿದ ಮೇಲೆ ಹಂಡೆಯ ಬಿಸಿನೀರಿನಲ್ಲಿ ಸ್ನಾನ, ಕಡುಬೋ ಅಕ್ಕಿರೊಟ್ಟಿಯೋ ಊಟ, ನಿದ್ದೆ.

ಎರಡನೇ ದಿನ ಎಲ್ಲರೂ ಒಟ್ಟಿಗೆ. ಬೆಳಗ್ಗೆ ಏಳಕ್ಕೇ ಹೊರಟು ಕಳಸದಿಂದ ಸಂಸೆ, ಕುದುರೆಮುಖ ದಾಟಿ ಹನುಮನಗುಂಡಿ ಜಲಪಾತದವರೆಗೆ ಹೋಗಿ ಬನ್ನಿ. ಸಂಸೆ ಹತ್ತಿರ ಚಹಾ ತೋಟ ಸಿಗುತ್ತದೆ. ಮುಂದೆ ಶೋಲಾ ಕಾಡು ಶುರು. ಗುಡ್ಡದ ಮೇಲೆಲ್ಲ ಹುಲ್ಲು, ಗುಡ್ಡಗಳ ನಡುವಿನ ಸಂದಿಯಲ್ಲಿ ಮಾತ್ರ ದಟ್ಟ ಮರಗಳು. ಮಳೆನೀರನ್ನು ಹಿಡಿದಿಟ್ಟು ವರ್ಷವಿಡೀ ತೊರೆಗೆ ಬಿಡುವುದು ಈ ಜೋಡಿಯೇ. ಗಾಡಿಯ ಕಿಟಕಿ ಇಳಿಸಿ, ಹಾಡು ನಿಲ್ಲಿಸಿ, ನಿಧಾನಕ್ಕೆ ಹೋಗಿ. ಮಂಗಟ್ಟೆ ಹಕ್ಕಿಯ ರೆಕ್ಕೆಯ ಸದ್ದು ಕೇಳಿದರೆ ಮಕ್ಕಳು ಅದನ್ನು ಮರೆಯುವುದಿಲ್ಲ. ಸಿಂಗಳೀಕ ಕಾಣುವುದು ಅದೃಷ್ಟ. ಅದು ಮರದ ತುದಿಯಲ್ಲೇ ಬದುಕುವ ಪ್ರಾಣಿ. ರಸ್ತೆ ಬದಿಗೆ ಬಂದು ತಿಂಡಿಗೆ ಕೈ ಚಾಚುವವು ಸಾಮಾನ್ಯ ಮಂಗಗಳು. ಅವಕ್ಕೆ ಒಂದು ಬಿಸ್ಕತ್ತನ್ನೂ ಹಾಕಬೇಡಿ. ತಿಂಡಿಯ ಆಸೆಗೆ ರಸ್ತೆಗೆ ಬಂದು ಗಾಡಿಗೆ ಸಿಕ್ಕಿ ಸಾಯುತ್ತವೆ.

ಹನುಮನಗುಂಡಿಯಲ್ಲಿ ಟಿಕೆಟ್ ತೆಗೆದುಕೊಂಡು ಮೆಟ್ಟಿಲು ಇಳಿಯಬೇಕು. ಇಳಿಯುವುದು ಸುಲಭ, ಹತ್ತುವುದು ಕಷ್ಟ. ಮಂಡಿ ನೋವಿರುವವರು ಪೂರ್ತಿ ಇಳಿಯಬಾರದು. ನಮ್ಮ ಅತ್ತೆ ಸ್ವಲ್ಪ ಮೆಟ್ಟಿಲು ಇಳಿದು, ನೀರಿನ ಸದ್ದು ಕೇಳುವ ಕಡೆ ಕೂತರು. ನಾವು ಸರದಿಯಂತೆ ಅವರ ಜೊತೆ ಕೂತೆವು. ಕಲ್ಲು ಪಾಚಿ ಕಟ್ಟಿರುತ್ತದೆ, ಮಕ್ಕಳ ಕೈ ಬಿಡಬೇಡಿ. ಮೇಲೆ ಮಳೆಯಾದರೆ ನೀರು ತಟ್ಟನೆ ಏರುತ್ತದೆ, ಬೇಲಿ ದಾಟಲೇಬೇಡಿ. ರಸ್ತೆ ಬದಿಯಲ್ಲೇ ಇರುವ ಕಡಂಬಿ ಜಲಪಾತ ಮೆಟ್ಟಿಲು ಇಳಿಯಲಾಗದವರಿಗೆ ಒಳ್ಳೆಯದು.

ಮಧ್ಯಾಹ್ನ ಊಟ ಮಾಡಿ ಒಂದು ನಿದ್ದೆ ತೆಗೆದು, ಸಂಜೆ ಕಳಸದಲ್ಲಿ ಭದ್ರಾ ತೀರಕ್ಕೆ ಹೋಗಿ. ಅಂಬಾತೀರ್ಥದಲ್ಲಿ ಮಧ್ವಾಚಾರ್ಯರು ಒಂದೇ ಕೈಯಲ್ಲಿ ತಂದಿಟ್ಟರು ಎಂದು ಜನ ನಂಬುವ ದೊಡ್ಡ ಬಂಡೆ ಇದೆ. ಅಲ್ಲಿ ನೀರು ಆಳ, ಇಳಿಯಬೇಡಿ. ದಡದಲ್ಲಿ ಕೂತು ಮಕ್ಕಳಿಗೆ ನದಿಯ ಲೆಕ್ಕ ಹೇಳಿ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವುದು ಇದೇ ಬೆಟ್ಟಸಾಲಿನಲ್ಲಿ. ತುಂಗೆ ಶೃಂಗೇರಿ ಕಡೆಗೆ ಹೋಗುತ್ತಾಳೆ. ಭದ್ರೆ ಕಳಸಕ್ಕೆ ಬರುತ್ತಾಳೆ. ಶಿವಮೊಗ್ಗದ ಹತ್ತಿರ ಕೂಡಲಿಯಲ್ಲಿ ಇಬ್ಬರೂ ಸೇರಿ ತುಂಗಭದ್ರೆಯಾಗಿ, ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿಗೆ ಹೋಗುತ್ತಾರೆ. ನೇತ್ರಾವತಿ ಮಾತ್ರ ಬೆನ್ನು ತಿರುಗಿಸಿ, ಧರ್ಮಸ್ಥಳದ ಪಕ್ಕದಿಂದ ಇಳಿದು ಮಂಗಳೂರಿನಲ್ಲಿ ಅರಬ್ಬೀ ಸಮುದ್ರ ಸೇರುತ್ತಾಳೆ. ಒಂದೇ ಬೆಟ್ಟದ ಮಳೆ ಎರಡು ಕಡಲಿಗೆ! ಒಂದು ಕಾಗದ ಕೊಟ್ಟು ಮಕ್ಕಳ ಕೈಯಿಂದಲೇ ನಕ್ಷೆ ಬರೆಸಿ. ನಮ್ಮ ಮನೆಯ ಗೋಡೆಯ ಮೇಲೆ ಅದು ಈಗಲೂ ಇದೆ.

ಮೂರನೇ ದಿನ ಮನೆಮಂದಿ ಎರಡು ಗುಂಪಾಗಲಿ, ಆದರೆ ಮೊದಲೇ ಮಾತಾಡಿಕೊಂಡು. ಶಿಖರಕ್ಕೆ ಹೋಗುವವರು ಬೆಳಗಿನ ಜಾವವೇ ಜೀಪಿನಲ್ಲಿ, ನಡಿಗೆ ಶುರುವಾಗುವ ಮುಳ್ಳೋಡಿಗೆ ಹೋಗಬೇಕು. ಹೋಗಿ ಬರಲು ಸುಮಾರು 20 ಕಿಲೋಮೀಟರ್ ನಡಿಗೆ. ಶಿಖರದ ಎತ್ತರ ಸುಮಾರು 1,890 ಮೀಟರ್. ಮಧ್ಯೆ ತೊರೆಗಳು, ಒಂಟಿಮರ ಅನ್ನುವ ಜಾಗ, ಆಮೇಲೆ ಬಯಲು ಏರು. ದಿನಾ ನಡೆಯುವ ಅಭ್ಯಾಸ ಇಲ್ಲದ, ಹನ್ನೆರಡು ವರ್ಷದೊಳಗಿನ ಮಕ್ಕಳನ್ನು ನಾನು ಕರೆದುಕೊಂಡು ಹೋಗುವುದಿಲ್ಲ. ಅವರಿಗೆ ಅದಕ್ಕಿಂತ ಚಿಕ್ಕದಾದ ಕುರಿಂಜಾಲು ನೋಡಿ. ಅದೂ ಪೂರ್ತಿ ಅರ್ಧ ದಿನದ ನಡಿಗೆಯೇ. ಹೊರಡುವ ತಿಂಗಳ ಮೊದಲು ವಾರಕ್ಕೆರಡು ದಿನ ಐದಾರು ಕಿಲೋಮೀಟರ್ ಒಟ್ಟಿಗೆ ನಡೆಯಿರಿ. ಯಾರ ಕಾಲು ಎಷ್ಟು ತಾಳುತ್ತದೆ, ಯಾವ ಶೂ ಕಚ್ಚುತ್ತದೆ ಅಂತ ಊರಿನಲ್ಲೇ ಗೊತ್ತಾಗಲಿ. ಎಲ್ಲಿಗೆ ತಲುಪಿದ್ದರೂ ಮಧ್ಯಾಹ್ನಕ್ಕೆ ವಾಪಸ್ ತಿರುಗುವ ಸಮಯ ಮೊದಲೇ ಗೊತ್ತು ಮಾಡಿಕೊಳ್ಳಿ.

ಉಳಿದವರು ಹೊರನಾಡಿಗೆ ಹೋಗಬಹುದು. ಅನ್ನಪೂರ್ಣೇಶ್ವರಿಯ ದರ್ಶನ, ಅಲ್ಲೇ ಪ್ರಸಾದದ ಊಟ. ಸಂಜೆ ಎಲ್ಲರೂ ಮತ್ತೆ ಒಂದೇ ಜಗಲಿಗೆ. ನಾಲ್ಕನೇ ದಿನ ತಿಂಡಿ ತಿಂದು ಊರಿಗೆ.

ಇಂಬಳ, ಉಣ್ಣೆ

ಜಿಗಣೆಗೆ ಮಲೆನಾಡಿನಲ್ಲಿ ಇಂಬಳ ಅನ್ನುತ್ತಾರೆ. ಮಳೆಗಾಲದಲ್ಲಿ ಜಾಸ್ತಿ, ಅಕ್ಟೋಬರ್‌ನಲ್ಲೂ ಇರುತ್ತವೆ. ಹತ್ತಿದರೆ ನೋವಿಲ್ಲ, ರೋಗದ ಭಯವೂ ಕಡಿಮೆ. ಮಕ್ಕಳು ಹೆದರುವುದು ರಕ್ತ ನೋಡಿ. ಎಳೆದು ಕೀಳಬೇಡಿ. ಉಗುರಿನಿಂದ ಬಾಯಿಯ ಕಡೆ ಮೆಲ್ಲಗೆ ಸರಿಸಿ. ರಕ್ತ ಹೆಪ್ಪುಗಟ್ಟದಂತೆ ಅದು ಒಂದು ರಸ ಬಿಟ್ಟಿರುತ್ತದೆ, ಹಾಗಾಗಿ ಸ್ವಲ್ಪ ಹೊತ್ತು ಸೋರುತ್ತದೆ. ಸೋಪಿನಲ್ಲಿ ತೊಳೆದು ಬಟ್ಟೆ ಒತ್ತಿ ಹಿಡಿದರೆ ನಿಲ್ಲುತ್ತದೆ. ಪ್ಯಾಂಟನ್ನು ಕಾಲುಚೀಲದ ಒಳಗೆ ಸಿಕ್ಕಿಸಿ. ನಿಂತಲ್ಲೇ ನಿಲ್ಲಬೇಡಿ.

ನಿಜವಾಗಿ ಗಮನ ಕೊಡಬೇಕಾದದ್ದು ಚರ್ಮಕ್ಕೆ ಅಂಟಿ ರಕ್ತ ಹೀರುವ ಉಣ್ಣೆ ಹುಳುವಿಗೆ. ಮಂಗನ ಕಾಯಿಲೆ ಹರಡುವುದು ಉಣ್ಣೆಯ ಕಡಿತದಿಂದ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರ ಮಲೆನಾಡಿನಲ್ಲಿ ಡಿಸೆಂಬರ್‌ನಿಂದ ಮೇವರೆಗೆ ಕಾಣಿಸಿಕೊಳ್ಳುತ್ತದೆ. ಹೆದರಿ ಪ್ರವಾಸ ಬಿಡಬೇಕಾಗಿಲ್ಲ. ಆ ತಿಂಗಳುಗಳಲ್ಲಿ ಒಣ ಎಲೆಯ ಮೇಲೆ ಕೂರಬೇಡಿ, ಮೈ ಮುಚ್ಚುವ ಬಟ್ಟೆ ಹಾಕಿ, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಸಿಬ್ಬಂದಿಗೆ ತಿಳಿಸಿ.

ಬ್ಯಾಗಿನಲ್ಲಿ ಏನಿರಬೇಕು

ಎಲ್ಲರ ಬ್ಯಾಗಿಗೂ ಒಂದೊಂದು ರೇನ್‌ಕೋಟ್, ಎರಡು ಜೊತೆ ಹೆಚ್ಚು ಕಾಲುಚೀಲ, ಟಾರ್ಚ್. ಗಾಳಿಗೆ ಛತ್ರಿ ನಿಲ್ಲುವುದಿಲ್ಲ. ಶೂ ಹೊಸದಾಗಿ ಕೊಂಡದ್ದಾಗಿರಬಾರದು, ಹಿಡಿತ ಚೆನ್ನಾಗಿರಬೇಕು. ಸ್ಟೀಲ್ ಬಾಟಲಿ ಇರಲಿ. ಕುರುಕಲು ತಿಂಡಿ ಪ್ಲಾಸ್ಟಿಕ್ ಪೊಟ್ಟಣದ ಬದಲು ಡಬ್ಬಿಯಲ್ಲಿರಲಿ. ಖರ್ಚಿಗೆ ನಗದು ಬೇಕು, ಸಿಗ್ನಲ್ ಇಲ್ಲದ ಕಡೆ ಫೋನಿನಿಂದ ದುಡ್ಡು ಕೊಡಲಾಗುವುದಿಲ್ಲ. ನಕ್ಷೆಯನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ.

ಹಿರಿಯರ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಎರಡು ಭಾಗ ಮಾಡಿ ಎರಡು ಬ್ಯಾಗಿನಲ್ಲಿಡಿ. ಒಂದು ಬ್ಯಾಗ್ ನೆನೆದರೆ ಇನ್ನೊಂದಾದರೂ ಇರುತ್ತದೆ. ಓ.ಆರ್.ಎಸ್., ಜ್ವರದ ಮಾತ್ರೆ, ಬ್ಯಾಂಡೇಜು, ಮಂಡಿಗೆ ಹಾಕುವ ಪಟ್ಟಿ. ಅತ್ತೆಯವರಿಗೆ ನಾವು ಒಂದು ಮಡಚುವ ಚಿಕ್ಕ ಸ್ಟೂಲ್ ಒಯ್ದಿದ್ದೆವು. ಇಡೀ ಪ್ರವಾಸದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದ ವಸ್ತು ಅದು.

ಊರಿಗೆ ಬಂದ ದಿನ

ಬ್ಯಾಗುಗಳನ್ನು ಬೆಡ್‌ರೂಮಿಗೆ ಒಯ್ಯಬೇಡಿ. ಬಟ್ಟೆಯನ್ನೆಲ್ಲ ಹೊರಗೇ ಕೊಡವಿ, ಬಿಸಿನೀರಿನಲ್ಲಿ ನೆನೆಹಾಕಿ. ಸ್ನಾನ ಮಾಡಿಸುವಾಗ ಮಕ್ಕಳ ಕಿವಿ ಹಿಂದೆ, ಕಂಕುಳು, ಮಂಡಿ ಹಿಂದೆ, ಕೂದಲೊಳಗೆ ಉಣ್ಣೆ ಇದೆಯಾ ನೋಡಿ. ಸಿಕ್ಕರೆ ಚಿಮುಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ತೆಗೆಯಿರಿ, ಬೆರಳಲ್ಲಿ ಹೊಸಕಬೇಡಿ. ಮುಂದಿನ ಹತ್ತು ಹನ್ನೆರಡು ದಿನದಲ್ಲಿ ಯಾರಿಗಾದರೂ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ತಡಮಾಡದೆ ಡಾಕ್ಟರ ಹತ್ತಿರ ಹೋಗಿ, ಮಲೆನಾಡಿನ ಕಾಡಿಗೆ ಹೋಗಿ ಬಂದಿದ್ದೇವೆ ಅಂತ ಮೊದಲೇ ಹೇಳಿ.